ವೇದಕ್ಕನ ವಿಯೆನ್ನಾ

ವೇದಕ್ಕನ ವಿಚಾರ ನಾನು ಮೊದಲು ಕೇಳಿದ ದಿನ ಯಾರೂ ಅವರ ಹೆಸರು ಹೇಳಲಿಲ್ಲ. ತೊಂಬತ್ತೆಂಟನೇ ಇಸವಿ. ನನ್ನ ಮಗಳು ಹೇಮಶ್ರೀ ಆಗ ಏಳು ತಿಂಗಳ ಬಸುರಿ. ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿಯ ಅವಳ ಅಪಾರ್ಟ್‌ಮೆಂಟಿನಲ್ಲೇ ಸೀಮಂತ ಇಟ್ಟುಕೊಂಡಿದ್ದೆವು. ನಾನು ಮಂಡ್ಯದಿಂದ ಬಂದು ಮೂರು ವಾರ ಆಗಿತ್ತು ಅಷ್ಟೆ. ಅರವತ್ತು ಜನಕ್ಕೆ ಚಿರೋಟಿ ಯಾರು ಮಾಡ್ತಾರೆ ಅಂತ ಮಾತು ಬಂತು.

"ವಿಯೆನ್ನಾದಮ್ಮನ್ನ ಕರೆಸಿ. ಪಾಲೋ ಆಲ್ಟೋದಲ್ಲಿ ಡಾಕ್ಟರ್ ಇಂದು ಮನೇಲಿ ಅಡುಗೆಗೆ ಇದ್ದಾರಲ್ಲ, ಅವರು" ಅಂದಳು ಹೇಮ.

"ವಿಯೆನ್ನಾ ಅಂದ್ರೆ ಏನವ್ವ, ಮನೆದೇವರಾ?" ಅಂದೆ.

ನಮ್ಮಳಿಯ ಜಗನ್ ತಿನ್ನುತ್ತಿದ್ದ ದೋಸೆ ನೆತ್ತಿಗೇರುವ ಹಾಗೆ ನಕ್ಕರು. "ಊರು ಅತ್ತೆ, ಯೂರೋಪಲ್ಲಿ. ಆಸ್ಟ್ರಿಯಾ ದೇಶದ ರಾಜಧಾನಿ. ಅಲ್ಲಿ ತುಂಬ ವರ್ಷ ಇದ್ರಂತೆ."

"ಊರು ಸರಿ. ಆಯಮ್ಮಂಗೆ ಹೆಸರಿಲ್ವಾ?"

ಇಬ್ಬರಿಗೂ ಗೊತ್ತಿರಲಿಲ್ಲ.

ಸೀಮಂತದ ಹಿಂದಿನ ದಿನ ಬಂದರು. ಎತ್ತರದ ಹೆಂಗಸು, ಬೆಳ್ಳಗಾದ ಕೂದಲು, ಕಾಸಿನಗಲ ಕುಂಕುಮ. ಪಾಲೋ ಆಲ್ಟೋದಿಂದ ಸೇತುವೆ ದಾಟಿ ಬರುವ ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ನನಗೆ ಅದೇ ದೊಡ್ಡ ಆಶ್ಚರ್ಯ. ಈ ದೇಶದಲ್ಲಿ ನಮ್ಮಂಥ ಮುದುಕಿಯರು ಕಾರಿನ ಹಿಂದಿನ ಸೀಟಿನಲ್ಲಿ ಮೂಟೆ ಇದ್ದ ಹಾಗೆ ಇರುತ್ತೇವೆ, ಯಾರಾದರೂ ಇಳಿಸಿದರೆ ಇಳಿಯೋದು.

"ನೀವೇನಾ ವಿಯೆನ್ನಾದಮ್ಮ?" ಅಂದೆ.

"ವೇದವತಿ. ನಂಜನಗೂಡು. ವಿಯೆನ್ನಾ ಆಮೇಲೆ" ಅಂದರು. ಸೆರಗು ಸಿಕ್ಕಿಸಿಕೊಂಡು, ನಾನು ನಾದಿಟ್ಟ ಹಿಟ್ಟಿಗೆ ಬೆರಳು ಚುಚ್ಚಿ ನೋಡಿದರು. "ಯಾರು ನಾದಿದ್ದು ಇದನ್ನ?"

"ನಾನೇ."

"ಯಾರ ಮೇಲಿನ ಸಿಟ್ಟೋ ಪಾಪ, ಇದರ ಮೇಲೆ ತೀರಿಸಿದೀರಿ. ಇದು ಚಿರೋಟಿ ಕಣ್ರೀ, ಕೈ ಹಗುರ ಇರಬೇಕು."

ನನಗೆ ನಗು ತಡೆಯಲಾಗಲಿಲ್ಲ. ಸಂಜೆಯ ಹೊತ್ತಿಗೆ ಅವರು ನನ್ನನ್ನು ನೀನು ಅನ್ನುತ್ತಿದ್ದರು, ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ. ಗುರುವಾರ ಅವರಿಗೆ ರಜಾ. ಅಲ್ಲಿಂದಾಚೆಗೆ ಪ್ರತಿ ಗುರುವಾರ ಹತ್ತೂವರೆಗೆ ಬಸ್ಸಿಳಿದು ನಮ್ಮ ಮನೆಗೆ ಬರೋರು. ಎರಡು ವರ್ಷದಲ್ಲಿ ತಪ್ಪಿಸಿದ್ದು ಮೂರು ಸಲವೋ ನಾಲ್ಕು ಸಲವೋ.

ಅವರ ಕತೆ ನನಗೆ ತುಂಡು ತುಂಡಾಗಿ ಸಿಕ್ಕಿದ್ದು, ತರಕಾರಿ ಹೆಚ್ಚುವಾಗ ಒಂದಿಷ್ಟು, ಹೇಮನ ಮಗುವಿನ ತೊಟ್ಟಿಲು ತೂಗುವಾಗ ಒಂದಿಷ್ಟು. ಹದಿನೈದಕ್ಕೆ ಮದುವೆ. ಗಂಡ ಬೊಂಬಾಯಿಗೆ ಕೆಲಸಕ್ಕೆ ಅಂತ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಇವರು ಮೈಸೂರಿನಲ್ಲಿ ಒಂದು ಹಾಸ್ಟೆಲಿನ ಅಡುಗೆಮನೆ ಸೇರಿದರು. ಡಾಕ್ಟರ್ ಇಂದು ಅವರ ತಂದೆ ದ್ವಾರಕಾನಾಥ ಅಂತ, ದೊಡ್ಡ ಹುದ್ದೆಯವರು. ಎಪ್ಪತ್ತನಾಲ್ಕರಲ್ಲಿ ಅವರಿಗೆ ವಿಯೆನ್ನಾದಲ್ಲಿ ಕೆಲಸವಾದಾಗ ಅಡುಗೆಗೆ ಇವರನ್ನೂ ಕರೆದುಕೊಂಡು ಹೋದರು. ಹದಿನೇಳು ವರ್ಷ ಅಲ್ಲಿ. ಆಮೇಲೆ ಇಂದುಗೆ ಮದುವೆಯಾಗಿ ಮಕ್ಕಳಾದಾಗ ಪಾಲೋ ಆಲ್ಟೋಕ್ಕೆ ಬಂದರು.

"ಆ ಹದಿನೇಳು ವರ್ಷದಲ್ಲಿ ಎಷ್ಟು ಜನಕ್ಕೆ ಬಡಿಸಿದೀನೋ ಲೆಕ್ಕ ಇಲ್ಲ" ಅಂದಿದ್ದರು ಒಂದು ಸಲ. "ಯಾವ್ಯಾವ ದೇಶದೋರೋ ಬರೋರು. ತಿಂದು, ಆಹಾ ಅನ್ನೋರು. ಯಜಮಾನಿ ‘ನಾನೇ ಮಾಡಿದ್ದು’ ಅನ್ನೋರು. ನಾನು ಪಕ್ಕದಲ್ಲೇ ಪಾತ್ರೆ ಹಿಡ್ಕೊಂಡು ನಿಂತಿರ್ತಿದ್ದೆ."

"ನೀವು ಬಾಯಿ ಬಿಡಬಾರದಿತ್ತಾ?"

"ಬಾಯಿ ಬಿಟ್ಟಿದ್ರೆ ನಂಜನಗೂಡಿಗೆ ಟಿಕೆಟ್ಟು."

ತೊಂಬತ್ತೊಂಬತ್ತರ ಮಳೆಗಾಲ ಮುಗಿದ ಮೇಲೆ ಜಗನ್ ತಾವಿದ್ದ ಒಳ್ಳೆಯ ಕೆಲಸ ಬಿಟ್ಟು ಮೆನ್ಲೋ ಪಾರ್ಕಿನ ಒಂದು ಹೊಸಾ ಕಂಪನಿ ಸೇರಿದರು. ಹನ್ನೆರಡು ಜನ, ಒಂದು ಪಿಂಗ್‌ಪಾಂಗ್ ಮೇಜು. ಪ್ರಪಂಚದ ರಾಜಧಾನಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕೋದು ಅವರ ಕಸುಬು, ಒಂದೊಂದು ಊರಿಗೆ ಒಂದೊಂದು ಪುಟ. ಆಗ ಇಲ್ಲಿ ಎಲ್ಲರೂ ಹಾಗೇ ಆಡುತ್ತಿದ್ದರು. ನಾಯಿಯ ಊಟ ಕಂಪ್ಯೂಟರಿನಲ್ಲಿ ಮಾರುವ ಕಂಪನಿಯವನು ನಮ್ಮ ಪಕ್ಕದ ಮನೆಯಲ್ಲೇ ಇದ್ದ.

ಒಂದು ದಿನ ಊಟಕ್ಕೆ ಕೂತು ಜಗನ್ ಪೇಚಾಡಿದರು. "ಅರಮನೆ, ಸಂಗೀತ ಎಲ್ಲ ಪುಸ್ತಕದಲ್ಲಿ ಸಿಗುತ್ತೆ. ನಮ್ಮ ಬಾಸ್‌ಗೆ ಅದು ಬೇಡ್ವಂತೆ. ಊರಿನ ಸ್ವಭಾವ ಏನು, ಜನ ಏನು ಮಾಡಿ ಬದುಕ್ತಾರೆ, ಯಾವ ಕಾರ್ಖಾನೆ, ಯಾವ ಕಸುಬು, ಅದು ಬೇಕಂತೆ. ಅಲ್ಲೇ ಬದುಕಿದೋರ ಬಾಯಿಂದ ಬರಬೇಕಂತೆ. ನನ್ನ ತಲೆಗೆ ಕಟ್ಟಿರೋದು ಮೂರು ಊರು, ಒಂದನ್ನೂ ನೋಡಿಲ್ಲ."

"ಯಾವ್ಯಾವುದಪ್ಪ?"

"ಓಸ್ಲೋ, ಲಿಸ್ಬನ್, ವಿಯೆನ್ನಾ."

ನಾನೇ ಬಾಯಿ ಹಾಕಿದೆ. "ವೇದಕ್ಕ ಇಲ್ವಾ?"

ಮುಂದಿನ ಗುರುವಾರ ಜಗನ್ ಮನೆಯಲ್ಲೇ ಉಳಿದು ಕೇಳಿದರು. ವೇದಕ್ಕ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಅಂದರು: "ನನ್ನ ಹೆಸರು ಹಾಕ್ತೀರೇನಪ್ಪ?"

"ಖಂಡಿತ ಆಂಟಿ."

"ವೇದವತಿ, ನಂಜನಗೂಡು. ಒಂದು ಚಿಕ್ಕ ಫೋಟೋ. ಅಷ್ಟೇ ಸಾಕು. ಮತ್ತೇನೂ ಬೇಡ."

"ಚಿಕ್ಕದ್ಯಾಕೆ, ದೊಡ್ಡದಾಗೇ ಹಾಕೋಣ."

ಒಲೆಯಿಂದ ದೂರಕ್ಕೆ, ಡಬ್ಬಿಗಳ ಪಕ್ಕ ಟೇಪ್ ರೆಕಾರ್ಡರ್ ಇಟ್ಟರು. ಅದರ ಕಡೆ ನೋಡಿಕೊಂಡು ವೇದಕ್ಕ ಪುಸ್ತಕ ಓದಿದ ಹಾಗೆ ಮಾತಾಡೋರು. "ಅತ್ತೆ, ನೀವು ಕೇಳಿ, ಅವರು ನಿಮಗೆ ಹೇಳ್ತಾರೆ" ಅಂದರು ಜಗನ್. ಹಾಗೆ ಶುರುವಾಯಿತು. ನಾನು ಕೇಳೋದು, ಅವರು ಹೇಳೋದು; ಸಾಯಂಕಾಲ ಜಗನ್ ಕ್ಯಾಸೆಟ್ಟು ಕೇಳಿಕೊಂಡು ಇಂಗ್ಲಿಷಿಗೆ ಇಳಿಸೋದು.

"ಅಲ್ಲಿ ಜನ ಹೆಂಗಕ್ಕ?"

"ಗೊಣಗ್ತಾರೆ ಕಣೇ. ಬಿಸಿಲು ಬಂದ್ರೂ ಗೊಣಗು, ಹೋದ್ರೂ ಗೊಣಗು. ಆದ್ರೆ ಮರ್ಯಾದೆ ಬಿಡಲ್ಲ. ಡಾಕ್ಟರ್ ಸಾಹೇಬ್ರೇ, ಇಂಜಿನಿಯರ್ ಸಾಹೇಬ್ರೇ ಅಂತ ತಲೆ ಬಾಗಿಸಿ ಗೊಣಗ್ತಾರೆ. ನಾನು ಸೌತೆಕಾಯಿ ತಗೊಳ್ಳೋಕೆ ಹೋದ್ರೆ ಅಂಗಡಿಯೋನು ‘ದಯಾಮಯಿ ಅಮ್ಮಾವ್ರೇ’ ಅನ್ನೋನು. ಮನೆಗೆ ಬಂದ್ರೆ ಯಜಮಾನಿ ‘ಏ’ ಅನ್ನೋರು."

ಕಾಫಿ ಅಂಗಡಿಯಲ್ಲಿ ಒಂದು ಲೋಟ ಕಾಫಿ, ಒಂದು ಲೋಟ ನೀರು ಇಟ್ಟುಕೊಂಡು ಮೂರು ಗಂಟೆ ಕೂರುತ್ತಾರಂತೆ, ಏಳಿ ಅನ್ನೋರಿಲ್ಲವಂತೆ. ಮಂಡ್ಯದಲ್ಲಿ ಹಂಗೆ ಕೂತರೆ ಮೇಜು ಒರೆಸೋ ಬಟ್ಟೆ ಮುಖಕ್ಕೆ ಬರುತ್ತೆ ಅಂದೆ. ಹಿಂದೆ ಅಲ್ಲಿ ಚಕ್ರವರ್ತಿ ಇದ್ದನಂತೆ. ಯುದ್ಧದಲ್ಲಿ ಸೋತು ದೇಶ ಅಂಗೈಯಗಲ ಆಯಿತಂತೆ, ಊರು ಮಾತ್ರ ಮೊದಲಿನಷ್ಟೇ ದೊಡ್ಡದಾಗಿ ಉಳಿಯಿತಂತೆ.

"ಅರ್ಥ ಆಯ್ತು ಬುಡಕ್ಕ" ಅಂದೆ. "ಜಮೀನೆಲ್ಲ ಗೇಣಿದಾರರ ಪಾಲಾದ ಮೇಲೂ ನಮ್ಮೂರ ಪಟೇಲರ ಮನೆ ಹೆಬ್ಬಾಗಿಲು ಹಂಗೇ ನಿಂತಿತ್ತು. ಆನೆ ನುಗ್ಗಬೋದಿತ್ತು. ಒಳಗೆ ನೋಡಿದ್ರೆ ಎರಡು ಮೇಕೆ."

ವೇದಕ್ಕ ತೊಡೆ ತಟ್ಟಿದರು. "ಹದಿನೇಳು ವರ್ಷ ಇದ್ದೆ, ನನಗೆ ಹೊಳೀಲಿಲ್ಲವಲ್ಲೇ ಇದು!"

ಕಸುಬುಗಳ ವಿಷಯ ಬಂದರೆ ಅವರು ಮೂಗಿನಿಂದ ಶುರು ಮಾಡೋರು. ಒಂದು ದಿನ ಬೀದಿಯೆಲ್ಲ ಬಿಯರ್ ಕಾರ್ಖಾನೆಯ ವಾಸನೆ, ನಮ್ಮ ಹುರಿಹಿಟ್ಟಿನ ಹಾಗೆ. ಮಾರನೆಯ ದಿನ ಗಾಳಿ ತಿರುಗಿದರೆ ಬಿಸ್ಕತ್ತು ಕಾರ್ಖಾನೆಯಲ್ಲಿ ಬೀಜ ಹುರಿಯುವ ವಾಸನೆ. ನದಿಯಾಚೆ ರೈಲ್ವೆ ಇಂಜಿನ್ನು ಮಾಡೋ ಕಡೆ. ಬೆಳಿಗ್ಗೆ ಟ್ರಾಮಿನಲ್ಲಿ ಎದುರಿಗೆ ಕೂತವರ ಉಗುರು ಕಪ್ಪಗಿದ್ದರೆ ಅವರು ಇಂಜಿನ್ನಿನವರು, ಬೆಳ್ಳಗಿದ್ದರೆ ಬ್ರೆಡ್ಡಿನ ಕಾರ್ಖಾನೆಯವರು. ಊರಿನ ಎಲ್ಲೆಯೊಳಗೇ ದ್ರಾಕ್ಷಿತೋಟ. ಹೊಸಾ ವೈನು ಬಂತು ಅಂದರೆ ಬಾಗಿಲಿಗೆ ಹಸಿರು ಕೊಂಬೆ ಕಟ್ಟುತ್ತಾರೆ. ಊರಾಚೆ ಗ್ಯಾಸು ತುಂಬುವ ನಾಲ್ಕು ತೊಟ್ಟಿ, ಒಂದೊಂದೂ ಕೋಟೆಯಷ್ಟು, ಇಟ್ಟಿಗೆ ಗೋಡೆ, ಗೋಡೆಗೆ ಕಿಟಕಿ.

"ಗ್ಯಾಸಿಗೆ ಕಿಟಕಿ ಯಾಕಕ್ಕ?"

"ಆ ಊರಲ್ಲಿ ಗ್ಯಾಸಿಗೂ ಶೋಕಿ."

ಅವರ ಮನೆಯ ಕೆಳಗೆ ಅಂಗಳದ ಮೂಲೆಯಲ್ಲಿ ಒಬ್ಬ ಮುದುಕ ಮುತ್ತಿನ ಚಿಪ್ಪಿನಿಂದ ಅಂಗಿ ಗುಂಡಿ ಕೊರೆಯುತ್ತಿದ್ದನಂತೆ. ಚಿಪ್ಪಿನ ಧೂಳು ಕೂತು ಹುಬ್ಬು ಸುಣ್ಣ ಬಳಿದ ಹಾಗೆ. ಒಂದು ಕಾಲಕ್ಕೆ ಆ ಊರಿನಲ್ಲಿ ಅಂಥವರು ಬೇಕಾದಷ್ಟು ಜನ ಇದ್ದರಂತೆ, ಪ್ಲಾಸ್ಟಿಕ್ ಬಂದು ಎಲ್ಲ ಮುಚ್ಚಿತಂತೆ. ಗುಂಡಿ ತೆಗೆದ ಮೇಲೆ ಉಳಿದ, ತೂತು ತೂತಾದ ಚಿಪ್ಪುಗಳನ್ನು ವೇದಕ್ಕ ಆರಿಸಿ ತಂದು ದೀಪಾವಳಿಗೆ ಬಾಗಿಲ ಮುಂದೆ ರಂಗೋಲಿಯ ಹಾಗೆ ಜೋಡಿಸಿದ್ದರಂತೆ. "ಆ ಮುದುಕ ಬಂದು ನೋಡಿ, ಟೋಪಿ ತೆಗೆದು ನಿಂತುಬಿಟ್ಟ. ‘ಅಮ್ಮಾವ್ರೇ, ನಾನು ಐವತ್ತು ವರ್ಷದಿಂದ ಇದನ್ನ ಕಸಕ್ಕೆ ಹಾಕ್ತಿದೀನಿ’ ಅಂದ. ಅಷ್ಟು ಹೇಳಿ ಮೂಗು ಒರೆಸಿಕೊಂಡ." ಇದನ್ನು ಹೇಳುವಾಗ ಅವರು ಟೇಪ್ ರೆಕಾರ್ಡರ್ ಇರೋದನ್ನೇ ಮರೆತಿದ್ದರು.

ಹನ್ನೊಂದು ಕ್ಯಾಸೆಟ್ಟು ತುಂಬಿತು.

ನವೆಂಬರಿನ ಒಂದು ಗುರುವಾರ ಮಧ್ಯಾಹ್ನ ಒಂದೂಕಾಲಿಗೆ ಜಗನ್ ಆಫೀಸಿನಿಂದ ಓಡಿಬಂದರು. ಕೈಯಲ್ಲಿ ಮೂರು ಹಾಳೆ. ಕಂಪನಿಗೆ ವೇದಕ್ಕನ ರುಜು ಬೇಕು, ಎರಡಕ್ಕೆ ಮೀಟಿಂಗು. ಗುರುವಾರ ರಾಹುಕಾಲ ಒಂದೂವರೆಗೆ ಶುರು. ನಾನು ಒಳ್ಳೆಯ ಕಾರ್ಯ ಅಂತ ಹಾಳೆಗಳ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ದೇವರ ಮುಂದೆ ಇಟ್ಟೆ. ಹೇಮ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು ಅಣಕಿಸಿದಳು, "ಅವ್ವ, ರಾಹು ಯಾವ ಟೈಮ್ ನೋಡ್ತಾನೆ? ಇಂಡಿಯಾದ್ದಾ, ಕ್ಯಾಲಿಫೋರ್ನಿಯಾದ್ದಾ?"

ವೇದಕ್ಕ ಕನ್ನಡಕ ಹಾಕಿಕೊಂಡರು. "ಏನು ಬರೆದಿದೆ, ಒಂದು ಸಲ ಓದಿ ಹೇಳಪ್ಪ."

ಜಗನ್ ಮೊದಲನೇ ಹಾಳೆ ಎತ್ತಿ ಅರ್ಧ ಓದಿದರು. ನಾನು ಗೋಡೆ ಗಡಿಯಾರ ನೋಡಿದೆ. ಒಂದು ಇಪ್ಪತ್ತೇಳು.

"ಓದೋದು ಆಮೇಲಾಗುತ್ತೆ. ಮೊದಲು ರುಜು ಹಾಕಿಬುಡಿ ಅಕ್ಕ. ಮನೆ ಹುಡುಗನೇ ತಂದಿರೋದು, ಹೊರಗಿನೋನಲ್ಲವಲ್ಲ!"

ವೇದಕ್ಕ ನನ್ನ ಮುಖ ನೋಡಿದರು. "ನೀನು ಹೇಳಿದ್ರೆ ಸರಿ ಕಣೇ" ಅಂದು, ದುಂಡಗೆ, ಕನ್ನಡದಲ್ಲಿ, ವೇದವತಿ ಅಂತ ಬರೆದರು. ಮೂರು ಹಾಳೆಗೂ.

ಆಮೇಲೆ ಯಾರೂ ಓದಲಿಲ್ಲ. ಜಗನ್ ಮೀಟಿಂಗಿಗೆ ಹೋದರು, ನಾವು ಉದ್ದಿನವಡೆಗೆ ರುಬ್ಬಿದೆವು.

ಫೆಬ್ರವರಿ ಮೊದಲ ವಾರ, ಬುಧವಾರ ಸಂಜೆ, ಜಗನ್ ನನ್ನ ಎದುರಿಗೆ ಬಂದು ಕೂತರು. ಶೂ ಕೂಡ ಬಿಚ್ಚಿರಲಿಲ್ಲ.

"ಅತ್ತೆ, ಒಂದು ವಿಷಯ. ವೇದವತಿ ಆಂಟಿ ಹೆಸರು ಬರಲ್ಲ."

"ಯಾಕಪ್ಪ?"

"ಬಾಸ್ ಒಪ್ತಿಲ್ಲ. ವಿಯೆನ್ನಾ ಬಗ್ಗೆ ಇಂಡಿಯನ್ ಅಡುಗೆಯೋರು ಹೇಳ್ತಾರೆ ಅಂದ್ರೆ ಜನ ನಂಬಲ್ವಂತೆ. ಅಲ್ಲಿಯೋರದೇ ಒಂದು ಹೆಸರು, ಒಂದು ಮುಖ ಹಾಕ್ತಾರೆ. ಮಾತೆಲ್ಲ ಆಂಟೀದೇ."

"ಮಾತು ಅವರದು, ಮುಖ ಇನ್ಯಾರದೋ? ಹಂಗೂ ಮಾಡ್ತಾರಾ?"

"ಕಂಪನಿ ಷೇರು ಪೇಟೆಗೆ ಹೋಗೋ ಹೊತ್ತು ಅತ್ತೆ. ಈಗ ನಾನು ಗಲಾಟೆ ಮಾಡಿದ್ರೆ ನನ್ನನ್ನ ಕಳಿಸ್ತಾರೆ. ಇದು ಮುಗೀಲಿ, ನಾನೇ ಸರಿ ಮಾಡಿಸ್ತೀನಿ. ಅಲ್ಲಿವರೆಗೆ ನೀವು ಅವರಿಗೆ ಏನೂ ಹೇಳಬೇಡಿ. ನನಗೋಸ್ಕರ."

ಮಗಳ ಸಂಸಾರ. ಕೈಗೂಸು. ಹೊಸಾ ಮನೆಗೆ ಮಾತು ಕೊಟ್ಟಿದ್ದರು. ನಾನು ಹೂಂ ಅಂದೆ.

ಮಾರನೆಯ ದಿನವೇ ಗುರುವಾರ. ವೇದಕ್ಕ ಬಂದರು. ಸ್ಟುಡಿಯೋದಲ್ಲಿ ಫೋಟೋ ತೆಗೆಸಿದ್ದರು, ಮಾವಿನಕಾಯಿ ಬಣ್ಣದ ರೇಷ್ಮೆ ಸೀರೆಯಲ್ಲಿ. "ಹಲ್ಲು ಕಾಣಿಸಬೇಕಿತ್ತಾ, ಮುಚ್ಚಿದ್ದೇ ಸರೀನಾ?" ಅಂತ ಕೇಳಿದರು. ಮುಚ್ಚಿದ್ದೇ ಲಕ್ಷಣ ಅಂದೆ. ಇನ್ನೊಂದು ಗುರುವಾರ, ಮೈಸೂರಿನ ತಂಗಿಗೆ ಕಾಗದ ಬರೆದಿದ್ದೀನಿ, ತಂಗಿ ಮೊಮ್ಮಗಳು ಕಂಪ್ಯೂಟರ್ ಸೆಂಟರಿಗೆ ಹೋಗಿ ನೋಡ್ತಾಳಂತೆ ಅಂದರು. ನಾನು ನಕ್ಕೆ. ಹಾಗೆ ಎಂಟು ಗುರುವಾರ. ನಾನು ಬಡಿಸಿದೆ, ಅವರು ಉಂಡರು. ಬಸ್ ಸ್ಟಾಪಿನವರೆಗೂ ಜೊತೆಗೆ ಹೋಗಿ ಹತ್ತಿಸಿ ಬಂದೆ. ಪ್ರತಿ ಸಲವೂ ಬಾಯಿ ತೆರೆದು, ಹವಾ ಹೆಂಗಿದೆ ಅಂತ ಕೇಳಿ ಮುಚ್ಚಿದೆ.

ಪುಟ ತೆರೆಯುವ ದಿನ ಗೊತ್ತಾಯಿತು. ಮಾರ್ಚ್ ಕೊನೆಯ ಭಾನುವಾರ. ವೇದಕ್ಕ ಫೋನ್ ಮಾಡಿ, ನಮ್ಮ ಇಂದು ಕಂಪ್ಯೂಟರಿನಲ್ಲಿ ತೋರಿಸ್ತಾಳಂತೆ, ನೀನು ನನ್ನ ಪಕ್ಕದಲ್ಲೇ ಕೂತಿರಬೇಕು ಅಂದರು. ಜಗನ್‌ಗೆ ಕೆಲಸ ಬಂದುಬಿಟ್ಟಿತು. ಹೇಮ ನನ್ನನ್ನು ಕಾರಿನಲ್ಲಿ ಬಿಟ್ಟು ಹೋದಳು. ಅವಳಿಗೂ ಗೊತ್ತಿತ್ತು, ಇಳಿಯಲಿಲ್ಲ.

ಇಂದು ಮನೆಯ ದೊಡ್ಡ ಮೇಜಿನ ಮೇಲೆ ಚಿರೋಟಿ ಇತ್ತು, ಬಾದಾಮಿ ಹಾಲಿತ್ತು. ವೇದಕ್ಕ ಫೋಟೋದಲ್ಲಿದ್ದ ಸೀರೆಯನ್ನೇ ಉಟ್ಟಿದ್ದರು. ಕಂಪ್ಯೂಟರ್ ಕಿರ್ರೋ ಅಂತ ಕೂಗಿ ಫೋನ್ ಲೈನು ಹಿಡಿಯಿತು. ಮೊದಲು ಅಕ್ಷರಗಳು ಬಂದವು. ಆಮೇಲೆ ಚಿತ್ರ. ಆಗಿನ ಕಂಪ್ಯೂಟರಿನಲ್ಲಿ ಚಿತ್ರ ಒಟ್ಟಿಗೆ ಬರುತ್ತಿರಲಿಲ್ಲ, ಮೇಲಿನಿಂದ ಪರದೆ ಇಳಿಸಿದ ಹಾಗೆ ಗೆರೆ ಗೆರೆಯಾಗಿ ಬರುತ್ತಿತ್ತು.

ಮೊದಲು ಬಿಳಿ ಕೂದಲು ಬಂತು.

"ನಂದೇ" ಅಂದರು ವೇದಕ್ಕ. ನನ್ನ ಮೊಣಕೈ ಹಿಡಿದುಕೊಂಡರು.

ಹಣೆ ಬಂತು. ಕುಂಕುಮ ಇರಲಿಲ್ಲ. ಆಮೇಲೆ ಹುಬ್ಬು. ಆಮೇಲೆ ನೀಲಿ ಕಣ್ಣು.

ಇಂದು ಕೆಳಗಿನ ಹೆಸರು ಓದಿದರು. ಮಾರ್ಗರೇಟೆ ಏನೋ. ಮೂರು ತಲೆಮಾರಿನಿಂದ ವಿಯೆನ್ನಾದವರಂತೆ. "ಅಯ್ಯೋ, ಏನೋ ಮಿಸ್ಟೇಕ್ ಆಗಿದೆ ವೇದಮ್ಮ, ಬೇರೆ ಪುಟ ಇರಬೇಕು" ಅಂದು, ಅಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳುತ್ತಾ ಹೋದರು. ‘ನಮ್ಮ ಮನೆಯ ಕೆಳಗೆ ಒಬ್ಬ ಗುಂಡಿ ಕೊರೆಯುವವನಿದ್ದ.’ ‘ನಮ್ಮ ಬೀದಿಯಲ್ಲಿ ಗಾಳಿ ತಿರುಗಿದರೆ ವಾಸನೆ ತಿರುಗುತ್ತಿತ್ತು.’ ‘ನಮ್ಮ ಊರು ಜಮೀನು ಕಳಕೊಂಡ ಸಾಹುಕಾರನ ಮನೆಯ ಹೆಬ್ಬಾಗಿಲಿನಂತೆ.’ ನಮ್ಮೂರ ಪಟೇಲರ ಬಾಗಿಲೂ ಆ ಮಾರ್ಗರೇಟೆಯ ಬಾಯಿಗೆ ಹೋಗಿತ್ತು. ಓದುತ್ತ ಓದುತ್ತ ಇಂದು ದನಿ ಸಣ್ಣದಾಗಿ ನಿಂತಿತು.

ವೇದಕ್ಕ ಕಂಪ್ಯೂಟರ್ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು. ಹಣೆ ಬರುವ ಮೊದಲೇ ನಾನು ತಲೆ ತಗ್ಗಿಸಿಬಿಟ್ಟಿದ್ದೆ. ಅದನ್ನು ಅವರು ಕಂಡಿದ್ದರು.

ಮೊಣಕೈ ಮೇಲಿದ್ದ ಕೈ ತೆಗೆದರು. ಎದ್ದು ಚಿರೋಟಿ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು. ಹಿಂದೆ ಹೋದೆ.

"ಅಕ್ಕ..."

"ಹೇಮಶ್ರೀಗೆ ಫೋನ್ ಮಾಡು, ಬಂದು ಕರ್ಕೊಂಡು ಹೋಗ್ಲಿ."

ಮನೆಗೆ ಬಂದು ಜಗನ್ ಮೇಲೆ ಕೂಗಾಡಿದೆ, ಅಳಿಯ ಅನ್ನೋದನ್ನೂ ನೋಡದೆ. ಕೊನೆಗೆ ಅವರು ಅಂದರು: "ಮೂರನೇ ಹಾಳೇಲಿ ಬರೆದಿತ್ತು ಅತ್ತೆ. ಹೆಸರು ಹಾಕೋದು ಬಿಡೋದು ಕಂಪನಿ ಇಷ್ಟ ಅಂತ. ನಾನು ಓದೋಕೆ ಹೊರಟಿದ್ದೆ. ನೀವೇ ಬಿಡಲಿಲ್ಲ."

ಸರಿ ಮಾಡಿಸ್ತೀನಿ ಅಂದದ್ದು ಏನಾಯಿತು ಅಂತ ಕೇಳಿದರೆ ಮುಂದಿನ ತಿಂಗಳು ಅನ್ನೋರು. ಏಪ್ರಿಲಿನಲ್ಲಿ ಷೇರು ಪೇಟೆ ಕುಸಿಯಿತು, ಕಂಪನಿ ಅಲ್ಲಿಗೆ ಹೋಗಲೇ ಇಲ್ಲ. ವರ್ಷ ತುಂಬುವುದರೊಳಗೆ ಬಾಗಿಲು ಹಾಕಿದರು. ಪುಟವೂ ಹೋಯಿತು. ನಾನು ಯಾವುದನ್ನು ಉಳಿಸೋಕೆ ಬಾಯಿ ಮುಚ್ಚಿಕೊಂಡಿದ್ದೆನೋ ಅದೂ ಉಳಿಯಲಿಲ್ಲ. ಜಗನ್ ನನಗೆ ಮೋಸ ಮಾಡಿದರು ಅಂತ ಎಷ್ಟೋ ದಿನ ಮಗಳ ಮನೆಯಲ್ಲೇ ಮಾತು ಬಿಟ್ಟಿದ್ದೆ. ಆದರೆ ವೇದಕ್ಕ ಜಗನ್‌ನ ಮುಖ ನೋಡಿ ರುಜು ಹಾಕಿದವರಲ್ಲ.

ಮಾರ್ಚಿನ ಆ ಭಾನುವಾರದಿಂದ ಗುರುವಾರ ಬಸ್ಸು ಬರೋದು, ಅವರು ಬರುತ್ತಿರಲಿಲ್ಲ. ಫೋನ್ ಮಾಡಿದರೆ ಇಂದು ಎತ್ತಿ, ಮಲಗಿದಾರೆ ಅನ್ನೋರು. ಆಗಸ್ಟಿನಲ್ಲಿ ಒಂದು ದಿನ ಇಂದುವೇ ಫೋನ್ ಮಾಡಿ, ವೇದಮ್ಮ ಮೈಸೂರಿಗೆ ಹೋಗ್ತಿದಾರೆ, ತಂಗಿ ಹತ್ತಿರ ಇರ್ತಾರಂತೆ, ಎಷ್ಟು ಹೇಳಿದ್ರೂ ಕೇಳ್ತಿಲ್ಲ ಅಂದರು.

ಯಾರನ್ನೂ ಕೇಳದೆ ಮೊದಲನೇ ಸಲ ಒಬ್ಬಳೇ ಆ ಬಸ್ಸು ಹತ್ತಿದೆ. ಸೇತುವೆಯ ಎರಡು ಕಡೆ ಉಪ್ಪಿನ ಮಡಿಗಳು ಕೆಂಪಗೆ ಕಾಣುತ್ತಿದ್ದವು. ಇಳಿಯುವ ಜಾಗ ತಪ್ಪಿ ಎರಡು ಸ್ಟಾಪು ಹಿಂದಕ್ಕೆ ನಡೆದೆ.

ವೇದಕ್ಕನೇ ಬಾಗಿಲು ತೆಗೆದರು. ಒಳಗೆ ಕರೆದು ಸೋಫಾದ ಮೇಲೆ ಕೂರಿಸಿದರು. ಎರಡು ವರ್ಷದಲ್ಲಿ ಮಾತಿಗೆ ಅಂತ ನಾವು ಅಡುಗೆಮನೆಯಲ್ಲಲ್ಲದೆ ಬೇರೆಲ್ಲೂ ಕೂತವರಲ್ಲ. ಬಂದವರಿಗೆ ಕೊಡುವ ಕಪ್ಪಿನಲ್ಲಿ ಕಾಫಿ ತಂದರು.

"ತಪ್ಪಾಯ್ತು ಅಕ್ಕ" ಅಂದೆ. "ಮಗಳ ಸಂಸಾರ ಅಂತ ಸುಮ್ಮನಿದ್ದುಬಿಟ್ಟೆ."

"ಯಜಮಾನಿ ‘ನಾನೇ ಮಾಡಿದ್ದು’ ಅಂದಾಗ ನನಗೆ ಇಷ್ಟು ಉರೀಲಿಲ್ಲ" ಅಂದರು. "ಅವರು ಯಜಮಾನಿ. ಆ ಕಂಪನಿಯೋರು ಯಾರೋ ಏನೋ. ನಿನ್ನ ಅಳಿಯನೂ ಹೊಟ್ಟೆಪಾಡಿನೋನು. ನೀನು ಯಾರು ಹೇಳು?"

ನಾನು ಕಪ್ಪನ್ನು ಕೆಳಗಿಟ್ಟೆ.

"ಫೋಟೋ ತಂದು ತೋರಿಸಿದೆ. ಮುಚ್ಚಿದ ಬಾಯೇ ಲಕ್ಷಣ ಅಂದೆ ನೀನು."

"ಅಂದೆ."

"ಆಗ ಗೊತ್ತಿತ್ತು."

"ಗೊತ್ತಿತ್ತು ಅಕ್ಕ."

ಅವರು ಕಿಟಕಿಯಾಚೆ ನೋಡಿದರು. ಸೂಟ್‌ಕೇಸು ಹಗ್ಗ ಬಿಗಿದು ಬಾಗಿಲ ಹತ್ತಿರ ನಿಂತಿತ್ತು. ನನ್ನ ಕಾಫಿ ಮೇಲೆ ಕೆನೆ ಕಟ್ಟಿತ್ತು. ಬಸ್ಸಿಗೆ ಹೊತ್ತಾಗುತ್ತೆ ಹೊರಡು ಅಂತ ಅವರೇ ಎದ್ದರು, ನಾನೂ ಎದ್ದೆ. ಬಾಗಿಲ ತನಕ ಬಂದು, ಚಿಲುಕದ ಮೇಲೆ ಕೈಯಿಟ್ಟು ನಿಂತರು. ಮುಖದಲ್ಲಿ ಕೋಪ ಇರಲಿಲ್ಲ.

"ಹಿಂದೆ ಎರಡು ವರ್ಷದ ಗುರುವಾರಗಳಿವೆ" ಅಂದರು. "ಯಾವ ಗುರುವಾರದಿಂದ ನಿನಗೆ ಗೊತ್ತಿತ್ತು? ಅದೊಂದು ಸರಿಯಾಗಿ ಹೇಳಿಬಿಡು, ತಾಯಿ. ಅದಕ್ಕಿಂತ ಹಿಂದಿನವನ್ನಾದ್ರೂ ನಾನು ಇಟ್ಕೋತೀನಿ."